ಎಂಜಿನ್ ಮೌಂಟ್: ಸಣ್ಣ ರಬ್ಬರು, ದೊಡ್ಡ ಲೆಕ್ಕ

ವ್ಯಾಪಾರದ ಲೆಕ್ಕಪುಸ್ತಕಗಳಲ್ಲಿ 'ವಾಹನ ದುರಸ್ತಿ' ಎಂಬ ಬಾಬು ಮಾಲೀಕರ ಗಮನ ಸೆಳೆಯುವುದು ಸಾಮಾನ್ಯವಾಗಿ ಅದರ ಮೊತ್ತ ದೊಡ್ಡದಾದಾಗ ಮಾತ್ರ. ಆದರೆ ಬಹುಪಾಲು ದೊಡ್ಡ ಮೊತ್ತಗಳ ಹಿಂದೆ, ಸಕಾಲದಲ್ಲಿ ಮಾಡದೆ ಬಿಟ್ಟ ಒಂದು ಸಣ್ಣ ವೆಚ್ಚ ಇರುತ್ತದೆ. ಕಚ್ಚಾ ರಸ್ತೆಯಲ್ಲಿ ದುಡಿಯುವ ಜೀಪಿನ ಮಟ್ಟಿಗೆ ಇದಕ್ಕೆ ಎಂಜಿನ್ ಮೌಂಟಿನ ರಬ್ಬರು ಬುಷ್‌ಗಿಂತ ಉತ್ತಮ ಉದಾಹರಣೆ ದೊರೆಯುವುದು ಕಷ್ಟ.

ಮಲೆನಾಡಿನಲ್ಲಿ ಜೀಪು ಶೋಕಿಯ ವಾಹನವಲ್ಲ, ದುಡಿಮೆಯ ಸಾಧನ. ಚಿಕ್ಕಮಗಳೂರು ಮತ್ತು ಕೊಡಗಿನ ಕಾಫಿ ತೋಟಗಳಲ್ಲಿ ಆಳು, ಗೊಬ್ಬರ, ಕಾಫಿ ಮೂಟೆಗಳನ್ನು ಸಾಗಿಸುವುದು ಅದೇ. ಕೊಲ್ಲೂರಿನಿಂದ ಕೊಡಚಾದ್ರಿಗೆ, ಮಡಿಕೇರಿ ಕಡೆಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವುದೂ ಅದೇ. ಕಾಫಿ ಕೊಯ್ಲಿನ ಕಾಲದಲ್ಲಿ ಅಥವಾ ಪ್ರವಾಸಿಗರ ದಟ್ಟಣೆಯ ದಿನಗಳಲ್ಲಿ ಜೀಪು ನಿಂತರೆ ಆದಾಯವೂ ನಿಲ್ಲುತ್ತದೆ. ಆದುದರಿಂದ ಈ ವಿಷಯವನ್ನು ಮೆಕ್ಯಾನಿಕ್ಕಿಗೆ ಮಾತ್ರ ಬಿಟ್ಟುಬಿಡುವುದು ಮಾಲೀಕರಿಗೆ ಹಿತವಲ್ಲ.

ಮೌಂಟಿನ ಕಾರ್ಯ

ನಾಲ್ಕು ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಬಾರಿ ದಹನವಾಗುತ್ತದೆ. ನಿಂತಲ್ಲೇ ನಿಮಿಷಕ್ಕೆ 750 ಸುತ್ತು ತಿರುಗುತ್ತಿರುವ ಎಂಜಿನ್ ಸೆಕೆಂಡಿಗೆ 25, ಅಂದರೆ ಗಂಟೆಗೆ 90,000 ಹೊಡೆತಗಳನ್ನು ಹೊರಸೂಸುತ್ತದೆ. ಇವು ನೇರವಾಗಿ ಚಾಸಿಗೆ ತಲುಪದಂತೆ ತಡೆಯುವುದು ಮೌಂಟಿನ ರಬ್ಬರಿನ ಕೆಲಸ. ಅಮೆರಿಕದ ಕ್ರೈಸ್ಲರ್ ಸಂಸ್ಥೆಯು 1931ರಲ್ಲಿ ತನ್ನ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿ, ಅದನ್ನೇ 'ಫ್ಲೋಟಿಂಗ್ ಪವರ್' ಎಂಬ ಹೆಸರಿನಿಂದ ಪ್ರಚಾರ ಮಾಡಿತು.

ಜೀಪಿನಲ್ಲಿ ಸಾಮಾನ್ಯವಾಗಿ ಎಂಜಿನ್ನಿನ ಎರಡು ಪಕ್ಕಗಳಲ್ಲಿ ಒಂದೊಂದು ಮೌಂಟ್, ಹಿಂದೆ ಗೇರುಪೆಟ್ಟಿಗೆಯ ಕೆಳಗೆ ಮತ್ತೊಂದು ಆಸರೆ ಇರುತ್ತದೆ. ಮೌಂಟ್ ಕೇವಲ ಭಾರ ಹೊರುವುದಿಲ್ಲ. ಎಂಜಿನ್ ತನ್ನ ತಿರುಚುಬಲಕ್ಕೆ ಎದುರಾಗಿ ಹೊರಳದಂತೆಯೂ ಹಿಡಿಯುತ್ತದೆ. ನಾಲ್ಕು ಚಕ್ರಗಳ ಚಾಲನೆಯ 'ಲೋ' ಗೇರಿನಲ್ಲಿ ಏರು ಹತ್ತುವಾಗ, ಮೊದಲನೆಯ ಗೇರಿನಲ್ಲಿ ಆಗಲೇ ಹೆಚ್ಚಿರುವ ತಿರುಚುಬಲವನ್ನು ಟ್ರಾನ್ಸ್‌ಫರ್ ಕೇಸು ಮತ್ತೆ ಸುಮಾರು ಎರಡೂವರೆ ಪಟ್ಟು ಹೆಚ್ಚಿಸುತ್ತದೆ. ಇದರ ಪ್ರತಿಬಲವನ್ನು ಈ ಮೂರು ಆಸರೆಗಳೇ ತಡೆದುಕೊಳ್ಳಬೇಕು. ಡಾಂಬರು ರಸ್ತೆಯ ಕಾರಿಗಿಂತ ತೋಟದ ಜೀಪಿನ ಮೌಂಟ್ ಬೇಗ ಸವೆಯಲು ಇದೇ ಮುಖ್ಯ ಕಾರಣ. ಅದರ ಜೊತೆಗೆ ಎಂಜಿನ್ನಿನ ಶಾಖ ರಬ್ಬರನ್ನು ಗಡಸು ಮಾಡಿ ಬಿರುಕು ಬಿಡಿಸುತ್ತದೆ; ಮೇಲಿನಿಂದ ಸೋರುವ ಆಯಿಲ್ ಅದನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ.

ಮುನ್ಸೂಚನೆಗಳು

ಮೌಂಟ್ ಒಂದೇ ದಿನದಲ್ಲಿ ಕೈಕೊಡುವುದು ಅಪರೂಪ. ಎಂಜಿನ್ ನಿಧಾನವಾಗಿ ತಿರುಗುವಾಗ ಸ್ಟಿಯರಿಂಗ್ ಮತ್ತು ಸೀಟಿನಲ್ಲಿ ನಡುಕ, ಕ್ಲಚ್ ಬಿಡುವಾಗ 'ಧಡ್' ಎಂಬ ಸದ್ದು, ವೇಗ ಏರಿಸಿ ಇಳಿಸಿದಾಗ ಗೇರು ಕಡ್ಡಿಯ ಓಲಾಟ, ಪದೇ ಪದೇ ಬಿರುಕು ಬಿಡುವ ಸೈಲೆನ್ಸರ್ ಕೊಳವೆಯ ಜೋಡಣೆ ಇವೆಲ್ಲ ಮುನ್ಸೂಚನೆಗಳು. ಅನೇಕ ಕಡೆ ಸೈಲೆನ್ಸರ್ ಕೊಳವೆಗೆ ಎರಡು ಮೂರು ಬಾರಿ ವೆಲ್ಡಿಂಗ್ ಮಾಡಿಸಿದ ಮೇಲೂ ದೋಷದ ಮೂಲ ಮೌಂಟಿನಲ್ಲಿದೆ ಎಂಬುದು ಹೊಳೆಯುವುದಿಲ್ಲ.

ಪರೀಕ್ಷೆ ಸುಲಭ. ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಬಾನೆಟ್ ತೆರೆದು, ಅನುಭವಿ ಚಾಲಕನು ಬ್ರೇಕ್ ಒತ್ತಿಕೊಂಡೇ ಮೊದಲ ಗೇರಿನಲ್ಲಿಯೂ ಅನಂತರ ರಿವರ್ಸಿನಲ್ಲಿಯೂ ಕ್ಲಚ್ಚನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಮತ್ತೊಬ್ಬರು ಪಕ್ಕದಲ್ಲಿ ನಿಂತು ಎಂಜಿನ್ ಎಷ್ಟು ಏಳುತ್ತದೆ ಎಂಬುದನ್ನು ನೋಡಬೇಕು. ವಾಹನದ ಮುಂದೆ ಅಥವಾ ಹಿಂದೆ ಯಾರೂ ನಿಲ್ಲತಕ್ಕದ್ದಲ್ಲ. ಎಂಜಿನ್ ಒಂದು ಪಕ್ಕಕ್ಕೆ ಎದ್ದು ಧಡಕ್ಕನೆ ಕುಳಿತರೆ ಮೌಂಟಿನ ಆಯುಷ್ಯ ಮುಗಿದಂತೆ.

1971ರ ಪಾಠ

ಈ ಸಣ್ಣ ಭಾಗ ಒಂದು ಬೃಹತ್ ಸಂಸ್ಥೆಯನ್ನೇ ಪೇಚಿಗೆ ಸಿಲುಕಿಸಿದ ಇತಿಹಾಸವಿದೆ. 1971ರ ಡಿಸೆಂಬರ್‌ನಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಸಂಸ್ಥೆಯು ಸುಮಾರು 67 ಲಕ್ಷ ವಾಹನಗಳನ್ನು ವಾಪಸು ಕರೆಸಬೇಕಾಯಿತು; ಆ ಕಾಲಕ್ಕೆ ಅದು ಅತಿ ದೊಡ್ಡ ವಾಪಸಾತಿ. ಷೆವ್ರೊಲೆ ವಾಹನಗಳ ಮೌಂಟಿನಲ್ಲಿ ಲೋಹದಿಂದ ರಬ್ಬರು ಬೇರ್ಪಟ್ಟಾಗ ಎಂಜಿನ್ ಮೇಲೆದ್ದು, ಆಕ್ಸಿಲರೇಟರಿನ ಜೋಡಣೆಯನ್ನು ಎಳೆದು, ಚಾಲಕ ಒತ್ತದಿದ್ದರೂ ವಾಹನ ವೇಗ ಪಡೆಯುವ ಅಪಾಯವಿತ್ತು. ಎಂಜಿನ್ ಏಳದಂತೆ ತಡೆಯುವ ಒಂದು ಉಕ್ಕಿನ ಕೇಬಲ್ ಜೋಡಿಸುವುದೇ ಅದಕ್ಕೆ ಕಂಡುಕೊಂಡ ಪರಿಹಾರ.

ಆಕ್ಸಿಲರೇಟರ್ ಪೆಡಲಿಗೂ ಎಂಜಿನ್ನಿಗೂ ಕಡ್ಡಿಗಳ ಸಂಪರ್ಕವಿರುವ ಹಳೆಯ ಜೀಪುಗಳ ಮಾಲೀಕರು ಈ ಪಾಠವನ್ನು ಮರೆಯತಕ್ಕದ್ದಲ್ಲ. ಒಂದು ಬದಿಗೆ ಪ್ರಪಾತವಿರುವ ಕಡಿದಾದ ದಾರಿಯಲ್ಲಿ ಎಂಟು ಜನರನ್ನು ಕೂರಿಸಿಕೊಂಡ ಜೀಪು ತಾನಾಗಿ ಮುನ್ನುಗ್ಗಿದರೆ, ಆಗಬಹುದಾದ ನಷ್ಟವನ್ನು ಯಾವ ಲೆಕ್ಕಪುಸ್ತಕವೂ ಬರೆದಿಡಲಾರದು.

ಬದಲಾವಣೆಯ ಕ್ರಮ

ಮೊದಲು ಆಯಿಲ್ ಸೋರಿಕೆಯನ್ನು ನಿಲ್ಲಿಸಬೇಕು. ಇಲ್ಲವಾದರೆ ಹೊಸ ರಬ್ಬರೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಎಂಜಿನ್ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿ, ಜಾಕಿನ ಮೇಲೆ ದಪ್ಪ ಮರದ ಹಲಗೆಯನ್ನಿಟ್ಟು ಎಂಜಿನ್ನಿನ ಭಾರವನ್ನು ಎತ್ತಿ ಹಿಡಿಯಬೇಕು. ಆಯಿಲ್ ಸಂಪ್ ತೆಳುವಾದ ತಗಡಿನದಾದ್ದರಿಂದ ಹಲಗೆಯಿಲ್ಲದೆ ಜಾಕ್ ಕೊಟ್ಟರೆ ಅದು ತಗ್ಗುತ್ತದೆ. ಬುಷ್ ಹೊರಬರುವಷ್ಟು ಮಾತ್ರ ಎತ್ತಬೇಕು. ಎತ್ತುವಾಗ ಫ್ಯಾನು, ರೇಡಿಯೇಟರ್ ಕೊಳವೆಗಳು ಮತ್ತು ಸೈಲೆನ್ಸರ್ ಜೋಡಣೆಯ ಮೇಲೆ ಕಣ್ಣಿಡಬೇಕು. ಎಂಜಿನ್ನಿಗೂ ಬ್ರಾಕೆಟ್ಟಿಗೂ ನಡುವೆ ಎಂದಿಗೂ ಬೆರಳು ತೂರಿಸಬಾರದು.

ಒಂದು ಪಕ್ಕ ಮುಗಿಸಿದ ನಂತರವೇ ಇನ್ನೊಂದನ್ನು ಬಿಚ್ಚುವುದು ಕ್ರಮ. ಆದರೆ ಎರಡನ್ನೂ ಒಟ್ಟಿಗೇ ಬದಲಾಯಿಸತಕ್ಕದ್ದು. ಒಂದನ್ನು ಮಾತ್ರ ಹೊಸದು ಮಾಡಿದರೆ ಎಂಜಿನ್ ಓರೆಯಾಗಿ ಕುಳಿತು ಹೊಸದರ ಮೇಲೆ ಅಧಿಕ ಹೊರೆ ಬೀಳುತ್ತದೆ. ಹಿಂದಿನ ಆಸರೆಯನ್ನೂ ಆಗಲೇ ಪರೀಕ್ಷಿಸಬೇಕು. ಬೋಲ್ಟುಗಳನ್ನು ಮೊದಲು ಕೈಯಿಂದ ಸೇರಿಸಿ, ಜಾಕ್ ಇಳಿಸಿ ಎಂಜಿನ್ ತನ್ನ ಭಾರದಿಂದ ತಾನೇ ಕುಳಿತ ಮೇಲೆ, ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಗೊಳಿಸಬೇಕು. ಎತ್ತಿ ಹಿಡಿದಾಗಲೇ ಬಿಗಿಗೊಳಿಸಿದರೆ ರಬ್ಬರು ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಬಿಗಿತವನ್ನು ಮರುಪರೀಕ್ಷಿಸುವುದು ಉತ್ತಮ.

ಖರೀದಿಯಲ್ಲಿ ಎಚ್ಚರ

ನಕಲಿ ಮೌಂಟ್ ನೋಡಲು ಅಸಲಿಯಂತೆಯೇ ಇರುತ್ತದೆ. ವ್ಯತ್ಯಾಸವಿರುವುದು ರಬ್ಬರಿನ ಗಡಸುತನ ಮತ್ತು ಲೋಹದೊಡನೆ ಅದರ ಬೆಸುಗೆಯಲ್ಲಿ. ಗಡಸುತನದ ಪರೀಕ್ಷಾ ವಿಧಾನವನ್ನು ಭಾರತೀಯ ಮಾನಕ ಐಎಸ್ 3400ರ 2ನೆಯ ಭಾಗ ನಿಗದಿಪಡಿಸುತ್ತದೆ. ಮೌಂಟನ್ನು ಎಳೆದು ಹರಿದಾಗ ರಬ್ಬರೇ ಹರಿದರೆ ಬೆಸುಗೆ ಗಟ್ಟಿ. ಲೋಹದಿಂದ ಶುಭ್ರವಾಗಿ ಕಳಚಿಕೊಂಡರೆ ಲೋಹದ ಶುದ್ಧೀಕರಣದಲ್ಲೋ ಅಂಟಿನಲ್ಲೋ ದೋಷವಿದೆಯೆಂದು ಅರ್ಥ. ರಬ್ಬರು ಭಾಗ ತಯಾರಿಸುವ ಸಣ್ಣ ಉದ್ದಿಮೆದಾರರು ಪ್ರತಿ ತಂಡದಿಂದ ಮಾದರಿ ತೆಗೆದು ಹೀಗೆ ಪರೀಕ್ಷಿಸಿದರೆ ಗ್ರಾಹಕರ ವಿಶ್ವಾಸ ಉಳಿಯುತ್ತದೆ. ಬಳಸದಿದ್ದರೂ ರಬ್ಬರು ಹಳತಾಗುವುದರಿಂದ ಬಿಡಿಭಾಗಗಳ ವರ್ತಕರು ಮೊದಲು ಬಂದ ದಾಸ್ತಾನನ್ನು ಮೊದಲು ಮಾರುವ ಪದ್ಧತಿಯನ್ನು ಪಾಲಿಸಬೇಕು. ಪಾಲಿಯುರಿಥೇನ್ ಬುಷ್ ದೀರ್ಘಕಾಲ ಬಾಳಬಹುದಾದರೂ ಗಡಸಾಗಿರುವುದರಿಂದ ನಡುಕವನ್ನು ಚಾಸಿಗೆ ದಾಟಿಸುತ್ತದೆ. ದಿನನಿತ್ಯದ ದುಡಿಮೆಗೆ ರಬ್ಬರೇ ಸೂಕ್ತ.

ಲೆಕ್ಕ ಮತ್ತು ತೆರಿಗೆ

ಒಂದು ಕಲ್ಪಿತ ಉದಾಹರಣೆಯನ್ನು ಗಮನಿಸಬಹುದು. ಮೌಂಟುಗಳಿಗೂ ಕೂಲಿಗೂ ಸೇರಿ 4,000 ರೂಪಾಯಿ ಎಂದಿಟ್ಟುಕೊಳ್ಳೋಣ. ಅದನ್ನು ಮುಂದೂಡಿದ ಕಾರಣ ಎಂಜಿನ್ ಮುಂದಕ್ಕೆ ಸರಿದು ಫ್ಯಾನು ರೇಡಿಯೇಟರಿಗೆ ಬಡಿಯಿತು. ರೇಡಿಯೇಟರ್ 7,000, ಫ್ಯಾನು 1,000, ಸೈಲೆನ್ಸರ್ ಕೊಳವೆ 1,500, ವಾಹನ ಎಳೆಸಿದ ವೆಚ್ಚ 3,000, ದಿನಕ್ಕೆ 2,500ರಂತೆ ನಾಲ್ಕು ದಿನದ ಬಾಡಿಗೆ ನಷ್ಟ 10,000. ಒಟ್ಟು 22,500 ರೂಪಾಯಿ. ಮೌಂಟಿನ 4,000 ಆಗಲೂ ತಪ್ಪುವುದಿಲ್ಲವಾದ್ದರಿಂದ ನಿಜವಾದ ಹೊರೆ 26,500. ಇದರಲ್ಲಿ ಬಾಡಿಗೆ ನಷ್ಟಕ್ಕೆ ಬಿಲ್ಲೇ ಇರುವುದಿಲ್ಲ. ಹಾಗಾಗಿ ಅದು ಖರ್ಚಿನ ಪಟ್ಟಿಯಲ್ಲಿ ಕಾಣುವುದೂ ಇಲ್ಲ.

ಮೌಂಟ್ ಬದಲಾವಣೆ ವಾಹನವನ್ನು ಇದ್ದ ಸ್ಥಿತಿಯಲ್ಲಿ ಉಳಿಸುವ ವೆಚ್ಚವೇ ಹೊರತು ಹೊಸ ಆಸ್ತಿಯಲ್ಲ. ಲೆಕ್ಕ ಮಾನಕ 10ರ ಪ್ರಕಾರ ಇಂತಹ ನಿತ್ಯದ ನಿರ್ವಹಣೆಯನ್ನು ಲಾಭ-ನಷ್ಟ ಖಾತೆಗೇ ಹಾಕಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 31ನೆಯ ಸೆಕ್ಷನ್ನಿನ 'ಚಾಲ್ತಿ ದುರಸ್ತಿ' ಎಂಬ ಪದಕ್ಕೆ ಸುಪ್ರೀಂ ಕೋರ್ಟು 2007ರ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ನೀಡಿದ ಅರ್ಥವೂ ಇದೇ: ಇರುವ ಆಸ್ತಿಯನ್ನು ಕಾಪಾಡಿಕೊಳ್ಳಲು ಮಾಡುವ ವೆಚ್ಚ. ಇಡೀ ಎಂಜಿನ್ ಬದಲಾಯಿಸಿದ ಪ್ರಸಂಗವಾದರೆ ಪ್ರತ್ಯೇಕ ಪರಿಶೀಲನೆ ಅಗತ್ಯ.

ಜಿಎಸ್‌ಟಿಯಲ್ಲಿ 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಶೇಕಡಾ 18ರ ಏಕರೂಪದ ದರ ಬಂದಿದೆ. ಚಾಲಕನೂ ಸೇರಿ 13 ಜನರವರೆಗಿನ ಆಸನವುಳ್ಳ ಪ್ರಯಾಣಿಕ ವಾಹನಗಳ ದುರಸ್ತಿ ಸೇವೆಯ ಮೇಲಿನ ಇನ್‌ಪುಟ್ ತೆರಿಗೆ ಜಮೆಯನ್ನು, ಪ್ರಯಾಣಿಕ ಸಾಗಣೆಯಂತಹ ಕೆಲವು ವಿನಾಯಿತಿಗಳನ್ನು ಬಿಟ್ಟು, 2019ರ ಫೆಬ್ರವರಿ 1ರಿಂದ ತಡೆಹಿಡಿಯಲಾಗಿದೆ. ಸರಕು ಸಾಗಣೆಯ ವಾಹನಗಳಿಗೆ ಈ ತಡೆ ಇಲ್ಲ. ಆದುದರಿಂದ ಬಿಲ್ಲಿನಲ್ಲಿ ವಾಹನದ ನೋಂದಣಿ ಸಂಖ್ಯೆಯನ್ನು ಬರೆಸುವುದು ಲೇಸು.

ಉಪಸಂಹಾರ

ಕೊಯ್ಲು ಆರಂಭವಾಗುವ ಮೊದಲು ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಮೌಂಟುಗಳನ್ನು ಪರೀಕ್ಷಿಸಿ ದಿನಾಂಕವನ್ನು ವಾಹನದ ದಾಖಲೆ ಪುಸ್ತಕದಲ್ಲಿ ಬರೆದಿಡುವ ಪದ್ಧತಿಗೆ ಖರ್ಚು ಏನೂ ಇಲ್ಲ. ಮುಂದೂಡಿದ ದುರಸ್ತಿ ಉಳಿತಾಯವಲ್ಲ. ಅದು ಪುಸ್ತಕದಲ್ಲಿ ಬರೆಯದ ಸಾಲ. ಬಡ್ಡಿಯ ದರವನ್ನು ಮೊದಲೇ ತಿಳಿಸದ ಇಂತಹ ಸಾಲವನ್ನು ಯಾವ ಜಾಣ ವರ್ತಕನೂ ಮಾಡಲಾರ.