ಬಕೆಟ್ಟಿಗೆ ಒಂದು ಚಮಚ ಸೋಡಾ

ನಾವು ಮಲೆನಾಡು ಬಿಟ್ಟು ಕೋಲಾರದ ಕಡೆಗೆ ಬಂದಾಗ ಮೊದಲ ವಾರ ಅಮ್ಮ ಎರಡು ವಿಷಯಕ್ಕೆ ಬೇಸತ್ತಿದ್ದಳು. ತೊಗರಿಬೇಳೆ ಎಷ್ಟು ಹೊತ್ತು ಕುದಿಸಿದರೂ ಕರಗುತ್ತಿರಲಿಲ್ಲ. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುತ್ತಿರಲಿಲ್ಲ. ಅಂಗಡಿ ಬದಲಾಯಿಸಿದರೂ ಅದೇ ಕಥೆ. ಪಕ್ಕದ ಮನೆಯ ಅಜ್ಜಿ ನೋಡಿ, "ಬಕೆಟ್ಟಿಗೆ ಒಂದು ಚಮಚ ಸೋಡಾ ಹಾಕಮ್ಮ, ಸೋಪು ಆಮೇಲೆ" ಅಂದರು. ಅವರ ಆ ಮಾತಿನಲ್ಲಿ ಬಟ್ಟೆ ಒಗೆಯುವ ರಸಾಯನಶಾಸ್ತ್ರದ ಮುಖ್ಯ ಪಾಠವೇ ಇತ್ತು.

ಕಾರಣ ಅಲ್ಲಿನ ನೀರು. ಆಳದ ಬೋರ್‌ವೆಲ್ ನೀರು ಬಂಡೆಗಳ ನಡುವೆ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಸಾಬೂನು ಅಂಥ ನೀರಿಗೆ ಬಿದ್ದ ಕೂಡಲೇ ಈ ಲವಣಗಳೊಡನೆ ಸೇರಿ, ಒಡೆದ ಹಾಲಿನಂತೆ ಬಿಳಿ ಚೂರುಗಳಾಗುತ್ತದೆ. ಕೊಳೆ ತೆಗೆಯಬೇಕಾದ ಸಾಬೂನೇ ಹೊಸ ಕೊಳೆಯಾಗಿ ಬಟ್ಟೆಗೆ ಅಂಟುತ್ತದೆ. ಬಿಳಿ ಪಂಚೆ ವರ್ಷದೊಳಗೆ ಬೂದುಬಣ್ಣಕ್ಕೆ ತಿರುಗುವುದಕ್ಕೆ ಇದೂ ಒಂದು ಕಾರಣ. ಒಂದು ಬಾಟಲಿಗೆ ಮಳೆನೀರು, ಇನ್ನೊಂದಕ್ಕೆ ಬೋರ್‌ವೆಲ್ ನೀರು ತುಂಬಿ, ಎರಡಕ್ಕೂ ಅಷ್ಟಷ್ಟೇ ಸಾಬೂನು ತುರಿದು ಹಾಕಿ ಅಲುಗಾಡಿಸಿ. ಮೊದಲನೆಯದರಲ್ಲಿ ನೊರೆ ಕುತ್ತಿಗೆಯವರೆಗೆ ನಿಲ್ಲುತ್ತದೆ, ಎರಡನೆಯದರಲ್ಲಿ ಚೂರುಗಳು ತೇಲುತ್ತವೆ.

ಇದರಿಂದ ಆಗುವ ನಷ್ಟವೆಷ್ಟು? ಕುಡಿಯುವ ನೀರಿನ ಗಡಸುತನ, ಅಂದರೆ ಈ ಲವಣಗಳ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ನಡುವಿನ 300 ಅಂತಿಟ್ಟುಕೊಳ್ಳೋಣ. ಅಂಥ ನೀರಿನ 15 ಲೀಟರ್ ಬಕೆಟ್ಟು, ನೊರೆ ಏಳುವ ಮೊದಲೇ ಸುಮಾರು 27 ಗ್ರಾಂ ಸಾಬೂನನ್ನು ನುಂಗಿಬಿಡುತ್ತದೆ. ಅದೇ ಲವಣಗಳನ್ನು ಕಟ್ಟಿಹಾಕಲು ಲೆಕ್ಕದ ಪ್ರಕಾರ 5 ಗ್ರಾಂ ವಾಷಿಂಗ್ ಸೋಡಾ ಪುಡಿ ಸಾಕು, ಹೆಚ್ಚುಕಡಿಮೆ ಅಜ್ಜಿ ಹೇಳಿದ ಒಂದು ಚಮಚ! ಸೋಡಾ ಅಂದರೆ ಸೋಡಿಯಂ ಕಾರ್ಬೊನೇಟ್. ಅದು ಕ್ಯಾಲ್ಸಿಯಂ ಅನ್ನು ಸುಣ್ಣದಕಲ್ಲಿನ ಪುಡಿಯಾಗಿ ಬೇರ್ಪಡಿಸುತ್ತದೆ. ಸೋಡಾ ಹಾಕಿ ಕಲಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿ, ನೀರು ತುಸು ಮಬ್ಬಾಗುತ್ತದೆ. ಆಮೇಲೆ ಹಾಕುವ ಸಾಬೂನೆಲ್ಲ ಕೊಳೆಗೇ ಮೀಸಲು. ಹಿಂದೆ ಮಡಿವಾಳರು ಚೌಳುಮಣ್ಣಿನ ನೀರಿನಲ್ಲಿ ಬಟ್ಟೆ ನೆನೆಸಿ ಉಬ್ಬೆ ಹಾಕುತ್ತಿದ್ದುದರ ಗುಟ್ಟೂ ಮಣ್ಣಿನಲ್ಲಿದ್ದ ಈ ಕಾರ್ಬೊನೇಟೇ. ಒಲೆ ಬೂದಿಯ ತಿಳಿನೀರಿನಲ್ಲಿ ಇರುವುದು ಅದರ ಸೋದರ, ಪೊಟ್ಯಾಸಿಯಂ ಕಾರ್ಬೊನೇಟ್.

ಅಡುಗೆ ಸೋಡಾ ಈ ವಾಷಿಂಗ್ ಸೋಡಾ ಅಲ್ಲ. ಅದು ಬೈಕಾರ್ಬೊನೇಟ್, ಕ್ಷಾರ ಕಡಿಮೆ. ಅದನ್ನು ವಿನಿಗರ್ ಜೊತೆ ಬೆರೆಸಿ ಒಗೆಯಿರಿ ಎಂಬ ಸಲಹೆಯನ್ನಂತೂ ದಯವಿಟ್ಟು ನಂಬಬೇಡಿ. ಬುಸ್ಸನೆ ಉಕ್ಕುತ್ತದೆ ನಿಜ, ಆದರೆ ಆಮ್ಲವೂ ಕ್ಷಾರವೂ ಒಂದನ್ನೊಂದು ಕೊಂದುಕೊಂಡು, ಉಳಿಯುವುದು ಬಹುಪಾಲು ಉಪ್ಪು ಬೆರೆತ ನೀರು. ಬ್ಲೀಚಿಂಗ್ ಪುಡಿಗೆ ವಿನಿಗರನ್ನೋ ನಿಂಬೆರಸವನ್ನೋ ಎಂದೂ ಸೇರಿಸಬಾರದು, ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಹೊರಬರುತ್ತದೆ.

ಸೋಡಾ ಹತ್ತಿಬಟ್ಟೆಗೆ ಮಾತ್ರ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನಿನ ನೂಲು, ಕ್ಷಾರ ತಾಗಿದರೆ ಸವೆಯುತ್ತವೆ. ಅಮ್ಮನ ಒಂದು ಸೀರೆ ಹೀಗೇ ಹೊಳಪು ಕಳೆದುಕೊಂಡಿತು, ಆ ದಿನ ಅವಳು ಊಟ ಮಾಡಲಿಲ್ಲ. ಅಲ್ಯೂಮಿನಿಯಂ ಪಾತ್ರೆಗೂ ಸೋಡಾ ಬೇಡ.

ರೇಷ್ಮೆಗೆ ಅಂಟುವಾಳವೇ ಸರಿ. ಹತ್ತು ಹನ್ನೆರಡು ಒಣಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಸುಕ್ಕುಗಟ್ಟಿದ ಸಿಪ್ಪೆ ಉಬ್ಬಿ ಲೋಳೆಯಾಗಿರುತ್ತದೆ. ಕೈಯಲ್ಲಿ ಹಿಸುಕಿದರೆ ಬೆರಳ ಸಂದಿನಿಂದ ನೊರೆ ಏಳುತ್ತದೆ. ಈ ನೊರೆಗೆ ಕಾರಣ ಸಪೋನಿನ್. ಅದರ ಅಣುವಿನ ಒಂದು ತುದಿಯಲ್ಲಿ ನೀರನ್ನು ಮೆಚ್ಚುವ ಸಕ್ಕರೆಗಳಿವೆ, ಇನ್ನೊಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ. ಸಾಬೂನಿನ ಹಾಗೆ ಅದು ಕ್ಯಾಲ್ಸಿಯಂಗೆ ಸಿಕ್ಕಿ ಒಡೆಯುವುದಿಲ್ಲ, ಗಡಸು ನೀರಿನಲ್ಲೂ ಕೆಲಸ ಮಾಡುತ್ತದೆ. ರಸ ತುಸು ಆಮ್ಲೀಯ, ರೇಷ್ಮೆಗೆ ಹಿತ. ಆದರೆ ಗ್ರೀಸಿನ ಕಲೆ, ಬೆವರು ಹಿಡಿದ ಕಾಲರು ಇದಕ್ಕೆ ಬಗ್ಗುವುದಿಲ್ಲ. ಕಣ್ಣಿಗೆ ಹಾರಿದರೆ ತುಂಬಾ ಉರಿ. ಮೀನಿಗೂ ವಿಷ, ಒಗೆದ ನೀರನ್ನು ಕೆರೆಗೆ ಚೆಲ್ಲಬಾರದು.

ರಸದಲ್ಲಿ ಸಕ್ಕರೆ ಇರುವುದರಿಂದ ಎರಡು ಮೂರು ದಿನದಲ್ಲಿ ಹುಳಿವಾಸನೆ ಬರುತ್ತದೆ. ಬೇಕಾದಷ್ಟೇ ಮಾಡಿಕೊಳ್ಳಬೇಕು. ಹಿಂಡಿದ ಸಿಪ್ಪೆಯನ್ನು ಅಮ್ಮ ಮತ್ತೊಮ್ಮೆ ಕುದಿಸಿ, ಆ ನೀರಿನಲ್ಲಿ ಬೆಳ್ಳಿ ದೀಪ ತೊಳೆಯುತ್ತಾಳೆ.