ಒಂದು ಚಮಚ ಮೊಳಕೆ ಹಿಟ್ಟು

ಆರು ತಿಂಗಳು ತುಂಬಿದ ಕೂಸಿಗೆ ರಾಗಿ ಸರಿ ಕಾಯಿಸುವ ತಾಯಿಗೆ ಒಂದು ಇಕ್ಕಟ್ಟು ಗೊತ್ತಿರುತ್ತದೆ. ಹಿಟ್ಟು ತುಸು ಹೆಚ್ಚಾದರೆ ಸರಿ ಅಂಟಿನಂತಾಗಿ ಕೂಸು ಉಗುಳುತ್ತದೆ. ನೀರೋ ಹಾಲೋ ಬೆರೆಸಿ ತೆಳ್ಳಗೆ ಮಾಡಿದರೆ ಗಟಗಟ ಕುಡಿಯುತ್ತದೆ, ಆದರೆ ಆಗ ರಾಗಿ ಸೇರುವುದು ಕೊಂಚವೇ. ಏಳೆಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಸುವುದೇ 200 ಮಿಲಿಲೀಟರಿನಷ್ಟು. ಎದೆಹಾಲು ಕುಡಿಯುತ್ತಿದ್ದರೂ 6ರಿಂದ 8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕ್ಯಾಲೊರಿ, 9 ತಿಂಗಳಾದ ಮೇಲೆ 300 ಕ್ಯಾಲೊರಿ ಮೇಲಾಹಾರದಿಂದ ಸಿಗಬೇಕು. ನೀರಾದ ಸರಿಯಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

ಸರಿ ಗಟ್ಟಿಯಾಗುವುದು ಪಿಷ್ಟದಿಂದ. ಬಿಸಿ ತಾಗಿದೊಡನೆ ಅದರ ಕಣಗಳು ನೀರು ಹೀರಿ ಉಬ್ಬುತ್ತವೆ. ಇದಕ್ಕೆ ಮದ್ದು ಕಾಳಿನೊಳಗೇ ಇದೆ. ಮೊಳಕೆಯೊಡೆಯುವ ರಾಗಿ ತನ್ನ ಪುಟ್ಟ ಸಸಿಗೆ ಉಣಿಸಲು ಅಮೈಲೇಸ್ ಎಂಬ ಕಿಣ್ವವನ್ನು ಮಾಡಿಕೊಳ್ಳುತ್ತದೆ. ಅದು ಪಿಷ್ಟದ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಕಾಳನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು, ಬೀಸಿ, ವಸ್ತ್ರಗಾಳಿತ ಮಾಡುತ್ತಿದ್ದ ನಮ್ಮ ಅಜ್ಜಿಯಂದಿರ ಕೈಯಲ್ಲಿದ್ದದ್ದು ಇದೇ ವಿದ್ಯೆ. ಹದ ಮೀರಿ ಹುರಿದರೆ ಕಿಣ್ವ ಸಾಯುತ್ತದೆ; ಘಮ ಉಳಿದರೂ ಗುಣ ಉಳಿಯುವುದಿಲ್ಲ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ವಿಜ್ಞಾನಿಗಳಾದ ಮಲ್ಲೇಶಿ ಮತ್ತು ದೇಸಿಕಾಚಾರ್ 1982ರಲ್ಲಿ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ, ಕಾಯಿಸಿದರೂ ಅತಿಯಾಗಿ ಗಟ್ಟಿಯಾಗದ ಶಿಶು ಆಹಾರವನ್ನು ರೂಪಿಸಿದರು. ಬರೋಡಾದಲ್ಲಿ ಪೋಷಣಾ ತಜ್ಞೆ ತಾರಾ ಗೋಪಾಲದಾಸ್ ಅವರ ತಂಡ ಇನ್ನೂ ಸರಳ ದಾರಿ ತೋರಿಸಿತು: ಮಾಮೂಲಿ ಗಂಜಿಗೆ ಚೂರೇ ಚೂರು ಮೊಳಕೆ ಹಿಟ್ಟು ಬೆರೆಸುವುದು. ಮನೆಯಲ್ಲೇ ನೋಡಬಹುದು. ಗಟ್ಟಿಯಾಗಿ ಕಾಯಿಸಿದ ಸರಿಯನ್ನು ಒಲೆಯಿಂದಿಳಿಸಿ, ಕುದಿ ಆರಿದ ಮೇಲೆ ಹುರಿಯದ ಮೊಳಕೆ ಹಿಟ್ಟು ಒಂದು ಚಮಚ ಕಲಸಿ. ಕೆಲವೇ ನಿಮಿಷಗಳಲ್ಲಿ ಸರಿ ಸಡಿಲವಾಗುತ್ತದೆ, ಹಾಕಿದ ರಾಗಿ ಅಷ್ಟೇ ಇರುತ್ತದೆ. ಮೊಳಕೆಯಲ್ಲಿ ಸೂಕ್ಷ್ಮಜೀವಿಗಳೂ ಬೆಳೆದಿರಬಹುದಾದ್ದರಿಂದ ಮತ್ತೊಮ್ಮೆ ಕುದಿಸದೆ ಕೊಡಕೂಡದು.

ಅಷ್ಟಾದರೂ ಸರಿಯೊಂದೇ ಊಟವಾಗಬಾರದು. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ ನಿಜ. ಆದರೆ ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ರಾಗಿಯ ಕಬ್ಬಿಣ ಮೈಗೆ ಹತ್ತುವುದೂ ಅಲ್ಪ. ಬೇಳೆ, ಸೊಪ್ಪು, ಮೊಟ್ಟೆ ಬೇಗನೆ ಜೊತೆಗೂಡಬೇಕು.

ಉಣಿಸುವ ರೀತಿಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಬಾಟಲಿ. ನಿಪ್ಪಲ್ಲಿನ ತೂತು ದೊಡ್ಡದು ಮಾಡಿ ಸರಿ ಹೊಯ್ದು, ಮಲಗಿದ ಮಗುವಿನ ಬಾಯಿಗಿಡುವ ರೂಢಿ ಹಬ್ಬಿದೆ. ಬಾಟಲಿಯ ಸಂದಿಗಳಲ್ಲಿ ಸರಿ ಹುಳಿಯುತ್ತದೆ, ಹಲ್ಲು ಹುಳುಕಾಗುತ್ತದೆ, ಅಗಿಯುವ ಕಲಿಕೆ ಹಿಂದೆ ಬೀಳುತ್ತದೆ. ಕೊಕ್ಕಿನ ಪುಟ್ಟ ಬಟ್ಟಲಾದ ಒಳಲೆಯಲ್ಲಿ ಬಾಯಿಗೆ ಸುರಿದರೂ ನೆತ್ತಿಗೇರುವ ಭಯವಿದೆ. ಮಗುವನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿಕೊಂಡು, ಬಟ್ಟಲಿನಿಂದ ಚಮಚ ಚಮಚವಾಗಿ ಕೊಡಿ. ಅದು ಮುಖ ತಿರುಗಿಸಿದಾಗ ಚಮಚ ಕೆಳಗಿಡಿ.