ಮೊಲಕ್ಕೊಂದು ಹಿತ್ತಿಲ ತೋಟ

ಮಕ್ಕಳ ಹಟಕ್ಕೆ ಸೋತು ಒಂದು ಜೊತೆ ಬಿಳಿ ಮೊಲ ತಂದಿದ್ದೀರಾ? ದಿನವೂ ಗಜ್ಜರಿ, ಬಿಸ್ಕತ್ತು, ಅನ್ನ ಹಾಕುತ್ತಿದ್ದೀರಾ? ಹಾಗಾದರೆ ಸ್ವಲ್ಪ ಯೋಚಿಸಿ. ಪ್ರೀತಿಯಿಂದ ಕೊಡುವ ಈ ತಿನಿಸೇ ಅದರ ಪ್ರಾಣಕ್ಕೆ ಎರವಾಗಬಹುದು.

ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಅದು ಸವೆಯಲು ಮತ್ತು ಕರುಳು ಸರಿಯಾಗಿ ಕೆಲಸ ಮಾಡಲು ನಾರು ಬೇಕು. ಆದ್ದರಿಂದ ಆಹಾರದ ಐದು ಪಾಲಿನಲ್ಲಿ ನಾಲ್ಕು ಪಾಲು ಹುಲ್ಲೇ ಇರಬೇಕು. ಗಜ್ಜರಿಯಲ್ಲಿ ಸಕ್ಕರೆ ಹೆಚ್ಚು. ವಾರಕ್ಕೆ ಒಂದೆರಡು ಸಣ್ಣ ಹೋಳು ಸಾಕು.

ಏನು ಬೆಳೆಯಬೇಕು?

ಹಿತ್ತಿಲಲ್ಲಿ ಒಂದು ಪುಟ್ಟ ಮಡಿ ಮಾಡಿ ಗರಿಕೆ ಬೆಳೆಸಿ. ಮಡಿಯನ್ನು ಮೂರು ಭಾಗ ಮಾಡಿ, ಸರದಿಯಂತೆ ಕೊಯ್ದರೆ ಹುಲ್ಲು ಮತ್ತೆ ಚಿಗುರಲು ಸಮಯ ಸಿಗುತ್ತದೆ. ಕೊತ್ತಂಬರಿ, ಪುದೀನ, ತುಳಸಿಗೆ ಕುಂಡಗಳೇ ಸಾಕು. ಮೂಲಂಗಿ ಸೊಪ್ಪು, ದಾಸವಾಳದ ಎಲೆಯನ್ನೂ ಕೊಡಬಹುದು. ಹೊಸ ಸೊಪ್ಪನ್ನು ಒಂದೊಂದಾಗಿ, ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಿ. ಕೀಟನಾಶಕ ಸಿಂಪಡಿಸಬೇಡಿ, ರಸ್ತೆ ಬದಿಯ ಹುಲ್ಲು ತರಬೇಡಿ. ಮೊಲದ ಹಿಕ್ಕೆಯೇ ತೋಟಕ್ಕೆ ಒಳ್ಳೆಯ ಗೊಬ್ಬರ.

ಕಣಗಿಲೆ, ಎಕ್ಕ, ಲಂಟಾನ, ಹರಳು ಗಿಡ, ಆಲೂಗೆಡ್ಡೆ ಮತ್ತು ಟೊಮೆಟೊ ಎಲೆ, ಈರುಳ್ಳಿ, ಬೆಣ್ಣೆಹಣ್ಣು ಇವೆಲ್ಲ ಅದಕ್ಕೆ ವಿಷ. ಮೊಲ ಓಡಾಡುವ ಜಾಗದಲ್ಲಿ ಇವು ಇರಕೂಡದು.

ಆರೈಕೆ ಹೇಗೆ?

ಮೊಲಕ್ಕೆ ಚಳಿಗಿಂತ ಸೆಕೆಯೇ ದೊಡ್ಡ ಶತ್ರು. ಗೂಡು ನೆರಳಿನಲ್ಲಿರಲಿ. ಬೇಸಿಗೆಯಲ್ಲಿ ಮಂಜುಗಟ್ಟಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಬರಿಯ ತಂತಿಯ ನೆಲದ ಮೇಲೆ ಕೂತರೆ ಪಾದ ಹುಣ್ಣಾಗುತ್ತದೆ, ಒಣಹುಲ್ಲು ಹಾಸಿ. ಕಿವಿ ಹಿಡಿದು ಎಂದೂ ಎತ್ತಬೇಡಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಗಾಲುಗಳ ಕೆಳಗೆ ಇರಲಿ. ತನ್ನದೇ ಮೆತ್ತನೆಯ ಹಿಕ್ಕೆಯನ್ನು ಅದು ತಿನ್ನುವುದು ಕಂಡರೆ ಗಾಬರಿ ಬೇಡ, ಪೋಷಕಾಂಶ ಪಡೆಯಲು ಅದಕ್ಕೆ ಅದು ಅಗತ್ಯ.

ಮೊಲ ನೋವನ್ನು ತೋರಿಸಿಕೊಳ್ಳುವುದಿಲ್ಲ. ಅರ್ಧ ದಿನ ಮೇವು ಮುಟ್ಟದಿದ್ದರೆ, ಹಿಕ್ಕೆ ನಿಂತರೆ, ಬೆಳಗಾಗಲಿ ಎಂದು ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಿರಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ ಪುಡಿ ಮಾಡಿ ಕುಡಿಸಿದರೆ ಕರುಳಿನ ಉಪಯುಕ್ತ ಸೂಕ್ಷ್ಮಜೀವಿಗಳು ನಾಶವಾಗಿ ಮೊಲ ಸಾಯಬಹುದು.

ನಿಮ್ಮ ಆರೋಗ್ಯವೂ ಮುಖ್ಯ. ಕಜ್ಜಿ, ಹುಳುಕಡ್ಡಿ ಮೊಲದಿಂದ ಮಕ್ಕಳಿಗೆ ಅಂಟಬಹುದು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಸಿ. ಮನೆಯಲ್ಲಿ ಉಬ್ಬಸದವರಿದ್ದರೆ ತರುವ ಮೊದಲೇ ವೈದ್ಯರನ್ನು ಕೇಳಿ.

ತರುವ ಮುನ್ನ

ಗಂಡು ಹೆಣ್ಣು ಒಟ್ಟಿಗಿದ್ದರೆ ಸುಮಾರು 31 ದಿನಗಳಲ್ಲಿ ಮರಿಗಳಾಗುತ್ತವೆ. ತಾಯಿ ಹೆತ್ತ ದಿನವೇ ಮತ್ತೆ ಗರ್ಭ ಧರಿಸಬಲ್ಲದು. ಬೇರೆ ಬೇರೆ ಇಡಿ, ಇಲ್ಲವೇ ಸಂತಾನಹರಣ ಮಾಡಿಸಿ. ಕಾಡುಮೊಲವನ್ನಂತೂ ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಚೆನ್ನಾಗಿ ಸಾಕಿದ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ಮೂರನೇ ತರಗತಿಯ ಮಗಳಿಗೆ ಇಂದು ಕೊಡಿಸಿದ ಮರಿ, ಅವಳು ಪಿಯುಸಿ ಮುಗಿಸುವಾಗಲೂ ಗರಿಕೆಗಾಗಿ ಕಾಯುತ್ತಿರಬಹುದು. ಅಷ್ಟು ದಿನ ಹುಲ್ಲು ಕೊಯ್ಯುವವರು ಯಾರು ಎಂಬುದನ್ನು ಮನೆಮಂದಿಯೆಲ್ಲ ಕೂತು ಮೊದಲೇ ತೀರ್ಮಾನಿಸಿ.